ಸ್ಕಾರ್ಸ್‌ಡೇಲಿನಲ್ಲಿ ಮನೆ ಮಾಡಿದ್ದು

ಸ್ಕಾರ್ಸ್‌ಡೇಲಿಗೆ ಯಾರೂ ಮನೆ ಹುಡುಕಿಕೊಂಡು ಬರುವುದಿಲ್ಲ. ಸ್ಕೂಲು ಹುಡುಕಿಕೊಂಡು ಬರುತ್ತಾರೆ. ಮನೆ ಅದರ ಬೆನ್ನಿಗೆ ಬರುವ ಖರ್ಚು. ಕಿಂಡರ್‌ಗಾರ್ಟನ್‌ನಿಂದ ಹನ್ನೆರಡನೇ ತರಗತಿಯವರೆಗೆ ಹದಿಮೂರು ವರ್ಷ ಮಗು ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಫೀಸಿಲ್ಲದೆ ಓದುತ್ತದೆ. ಆ ಫೀಸನ್ನೆಲ್ಲ ಮನೆಯ ಬೆಲೆಯಲ್ಲೋ ಬಾಡಿಗೆಯಲ್ಲೋ ಆಸ್ತಿ ತೆರಿಗೆಯಲ್ಲೋ ಸೇರಿಸಿ ಮೊದಲೇ ವಸೂಲಿ ಮಾಡಿರುತ್ತಾರೆ. ಇಷ್ಟು ಅರ್ಥವಾದರೆ ಈ ಊರು ಮುಕ್ಕಾಲು ಪಾಲು ಅರ್ಥವಾದ ಹಾಗೆ.

ಜಾಗ ಎಲ್ಲಿ ಅಂದರೆ, ನ್ಯೂಯಾರ್ಕ್ ನಗರದ ಉತ್ತರಕ್ಕೆ ವೆಸ್ಟ್‌ಚೆಸ್ಟರ್ ಕೌಂಟಿಯಲ್ಲಿ. ಗ್ರ್ಯಾಂಡ್ ಸೆಂಟ್ರಲ್‌ನಲ್ಲಿ ಹಾರ್ಲೆಮ್ ಲೈನಿನ ಎಕ್ಸ್‌ಪ್ರೆಸ್ ಹತ್ತಿದರೆ ಸುಮಾರು ಮೂವತ್ತೈದು ನಿಮಿಷ. 2020ರ ಜನಗಣತಿಯಲ್ಲಿ 18,253 ಜನ. ಅಮೆರಿಕದ ಶ್ರೀಮಂತ ಊರುಗಳ ಪಟ್ಟಿಯನ್ನು ಯಾರು ಮಾಡಿದರೂ ಮೇಲಿನ ಸಾಲುಗಳಲ್ಲಿ ಇದರ ಹೆಸರು ಬರುತ್ತದೆ. ನಾವು ಆ ಪಟ್ಟಿ ನೋಡಿ ಬಂದವರಲ್ಲ. 2016ರಲ್ಲಿ ನನ್ನ ಗಂಡನಿಗೆ ಬೆಂಗಳೂರಿನಿಂದ ಮ್ಯಾನ್‌ಹ್ಯಾಟನ್‌ಗೆ ವರ್ಗವಾದಾಗ, ಆಫೀಸಿನ ಜಪಾನೀ ಸಹೋದ್ಯೋಗಿಯೊಬ್ಬರು ‘ಮಗು ಇದೆಯಲ್ಲ, ಹಾಗಾದರೆ ಸ್ಕಾರ್ಸ್‌ಡೇಲ್’ ಎಂದು ಬೇರೆ ಮಾತೇ ಇಲ್ಲದಂತೆ ಹೇಳಿಬಿಟ್ಟರು. ಜಪಾನಿನ ಕಂಪನಿಗಳವರು ಎಂಬತ್ತರ ದಶಕದಿಂದಲೂ ಸಂಸಾರ ಕಟ್ಟಿಕೊಂಡು ಬಂದು ಇಳಿಯುವ ಊರು ಇದು. ಮೂರು ನಾಲ್ಕು ವರ್ಷಕ್ಕೆ ವಾಪಸು ಹೋಗುತ್ತಾರೆ, ಆ ಬಾಡಿಗೆ ಮನೆಗೆ ಇನ್ನೊಬ್ಬರು ಬರುತ್ತಾರೆ.

ಬಾಡಿಗೆ ಮನೆ ಹುಡುಕುವಾಗ ಮೊದಲು ಕಲಿಯಬೇಕಾದ್ದು ‘ಪಿ.ಓ.’ ಎಂಬ ಎರಡಕ್ಷರ. ಜಾಹೀರಾತಿನಲ್ಲಿ ಸ್ಕಾರ್ಸ್‌ಡೇಲ್ ಎಂದಿರುತ್ತದೆ, ಪಿನ್ 10583 ಎಂದೂ ಇರುತ್ತದೆ, ಆದರೆ ಮನೆ ಈಸ್ಟ್‌ಚೆಸ್ಟರಿನದೋ ನ್ಯೂ ರೋಷೆಲ್‌ನದೋ ಆಗಿರುತ್ತದೆ. ಅಂಚೆ ಕಚೇರಿಯ ವ್ಯಾಪ್ತಿ ಊರಿನ ಗಡಿಗಿಂತ ದೊಡ್ಡದು. ಸ್ಟೇಷನ್ನಿಗೆ ಕೂಗಳತೆಯಲ್ಲಿರುವ ಗಾರ್ತ್ ರೋಡಿನ ಇಟ್ಟಿಗೆ ಅಪಾರ್ಟ್‌ಮೆಂಟುಗಳನ್ನು ನೋಡಿ ನನಗೆ ಬಹಳ ಇಷ್ಟವಾಗಿತ್ತು. ಕೆಳಗೇ ಅಂಗಡಿ, ನಡೆದರೆ ರೈಲು, ನಮ್ಮ ಜಯನಗರದವರಿಗೆ ಇನ್ನೇನು ಬೇಕು. ಆದರೆ ಅದು ಈಸ್ಟ್‌ಚೆಸ್ಟರ್ ಟೌನಿಗೆ ಸೇರಿದ್ದು, ಅಲ್ಲಿನ ಮಕ್ಕಳು ಸ್ಕಾರ್ಸ್‌ಡೇಲ್ ಶಾಲೆಗೆ ಹೋಗುವಂತಿಲ್ಲ. ಎಜ್‌ಮಾಂಟ್ ಎಂಬ ಭಾಗದ್ದು ಇನ್ನೊಂದೇ ಕಥೆ: ವಿಳಾಸ ಸ್ಕಾರ್ಸ್‌ಡೇಲ್, ಟೌನು ಗ್ರೀನ್‌ಬರ್ಗ್, ಸ್ಕೂಲು ಅವರದೇ, ಅದೂ ಒಳ್ಳೆಯದೇ. ಕೊನೆಗೆ ಊರಿನ ಒಳಗೇ ಎಜ್‌ವುಡ್ ಕಡೆ ಒಂದು ಹಳೆಯ ಸಣ್ಣ ಮನೆಯನ್ನು ಬಾಡಿಗೆಗೆ ಹಿಡಿದೆವು. ಬೆಂಗಳೂರಿನ ನಮ್ಮ ಫ್ಲ್ಯಾಟಿನ ವರ್ಷದ ಬಾಡಿಗೆ ಇಲ್ಲಿ ಒಂದು ತಿಂಗಳಿಗೆ ಸಾಲುತ್ತಿರಲಿಲ್ಲ.

ಆಮೇಲೆ ಶಾಲೆಯ ದಾಖಲಾತಿ. ಅಡ್ಮಿಷನ್ ಟೆಸ್ಟಿಲ್ಲ, ಡೊನೇಷನ್ನಿಲ್ಲ, ಅಪ್ಪ ಅಮ್ಮನ ಇಂಟರ್‌ವ್ಯೂ ಇಲ್ಲ. ಅವರು ಕೇಳುವುದು ಒಂದೇ: ನೀವು ನಿಜವಾಗಿ ಈ ಗಡಿಯೊಳಗೆ ಮಲಗಿ ಏಳುತ್ತೀರಾ? ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಮಾಲೀಕರ ಸಹಿ ಮಾಡಿದ ಹೇಳಿಕೆ, ಎಲ್ಲ ಕೊಟ್ಟೆವು. ತಡವಾದದ್ದು ಲಸಿಕೆಯ ಪಟ್ಟಿಯಲ್ಲಿ. ಮಗಳು ಹುಟ್ಟಿದ್ದು ನನ್ನ ತವರು ತಿಪಟೂರಿನಲ್ಲಿ, ಅವಳ ಚುಚ್ಚುಮದ್ದಿನ ಲೆಕ್ಕವೆಲ್ಲ ಸರ್ಕಾರದ ತಾಯಿ ಕಾರ್ಡಿನಲ್ಲಿ. ಅಮ್ಮನ ಅರಿಶಿನದ ಬೆರಳು ತಾಗಿ ಅಂಚೆಲ್ಲ ಹಳದಿಯಾಗಿದ್ದ ಆ ಕಾರ್ಡನ್ನು ಶಾಲೆಯ ನರ್ಸ್ ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಸಿಸ್ಟರ್ ಬಾಲ್‌ಪೆನ್ನಿನಲ್ಲಿ ಬರೆದ ದಿನಾಂಕಗಳನ್ನು ಅವರು ತಿಂಗಳು ಮೊದಲು, ದಿನ ಆಮೇಲೆ ಎಂದು ಓದಿಕೊಂಡರು. ಆ ಲೆಕ್ಕದಲ್ಲಿ ನನ್ನ ಮಗಳು ಹುಟ್ಟುವುದಕ್ಕೆ ಮೊದಲೇ ಪೋಲಿಯೊ ಹನಿ ಕುಡಿದಿದ್ದಳು!

ದಿನಾಂಕ ಸರಿಹೋದ ಮೇಲೂ ತೊಡಕು ಉಳಿಯಿತು. ನಮ್ಮಲ್ಲಿ ದಡಾರದ ಮೊದಲ ಚುಚ್ಚುಮದ್ದು ಒಂಬತ್ತು ತಿಂಗಳಿಗೆ. ಇಲ್ಲಿ ಒಂದು ವರ್ಷ ತುಂಬುವ ಮೊದಲು ಕೊಟ್ಟದ್ದು ಲೆಕ್ಕಕ್ಕಿಲ್ಲ. ಮಂಗನಬಾವು, ಸೀತಾಳೆ ಸಿಡುಬಿನ ಲಸಿಕೆ ನಮ್ಮ ಸರ್ಕಾರಿ ಪಟ್ಟಿಯಲ್ಲೇ ಇಲ್ಲ, ಇಲ್ಲಿ ಕಡ್ಡಾಯ. ಬೇರೆ ದೇಶದಿಂದ ಬಂದ ಮಕ್ಕಳಿಗೆ ಕಾಗದಪತ್ರ ಸರಿಮಾಡಿಕೊಳ್ಳಲು ನ್ಯೂಯಾರ್ಕ್ ರಾಜ್ಯ 30 ದಿನದವರೆಗೆ ಅವಕಾಶ ಕೊಡುತ್ತದೆ. ಮಕ್ಕಳ ಡಾಕ್ಟರೊಬ್ಬರು ತಾಯಿ ಕಾರ್ಡನ್ನು ಸಾಲು ಸಾಲಾಗಿ ನನ್ನಿಂದ ಓದಿಸಿ, ತಮ್ಮ ಫಾರ್ಮಿಗೆ ಇಳಿಸಿಕೊಂಡು, ಎರಡೂ ತೋಳಿಗೆ ಚುಚ್ಚಿ ಕಳಿಸಿದರು. ಈಚೆಗೆ ಬರುವವರಿಗೆ ನಾನು ಹೇಳುವುದು ಇದನ್ನೇ. ಹೊರಡುವ ಮೊದಲೇ ಊರಿನ ಡಾಕ್ಟರ ಹತ್ತಿರ ಎಲ್ಲ ಲಸಿಕೆಯನ್ನೂ ಇಂಗ್ಲಿಷಿನಲ್ಲಿ, ತಿಂಗಳನ್ನು ಅಕ್ಷರದಲ್ಲಿ ಬರೆಸಿಕೊಂಡು ಸೀಲು ಹಾಕಿಸಿಕೊಳ್ಳಿ.

ಶಾಲೆ ಹೇಗಿದೆ ಅಂದರೆ, ಖರ್ಚಿಗೆ ತಕ್ಕಂತಿದೆ. ಊರಿನ ಐದು ಭಾಗಕ್ಕೆ ಐದು ಪ್ರಾಥಮಿಕ ಶಾಲೆ: ಎಜ್‌ವುಡ್, ಫಾಕ್ಸ್ ಮೆಡೊ, ಗ್ರೀನ್‌ಏಕರ್ಸ್, ಹೀತ್‌ಕೋಟ್, ಕ್ವೇಕರ್ ರಿಡ್ಜ್. ‘ಎಲ್ಲಿರೋದು ನೀವು?’ ಎಂದು ಕೇಳಿದರೆ ಜನ ಬೀದಿಯ ಹೆಸರು ಹೇಳುವುದಿಲ್ಲ, ಶಾಲೆಯ ಹೆಸರು ಹೇಳುತ್ತಾರೆ. ಐದೂ ಸೇರಿ ಒಂದೇ ಮಿಡ್ಲ್ ಸ್ಕೂಲು, ಒಂದೇ ಹೈಸ್ಕೂಲು. ಮಿಡ್ಲ್ ಸ್ಕೂಲನ್ನು ನಾಲ್ಕು ಹೌಸ್ ಮಾಡಿದ್ದಾರೆ. ಅದರಲ್ಲೊಂದಕ್ಕೆ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಇಲ್ಲೇ ತೋಟದ ಮನೆ ಮಾಡಿಕೊಂಡಿದ್ದ ಕಾದಂಬರಿಕಾರ ಜೇಮ್ಸ್ ಫೆನಿಮೋರ್ ಕೂಪರ್ ಹೆಸರು. ಹೈಸ್ಕೂಲಿನವರು ಸುಮಾರು ಎರಡು ದಶಕದ ಹಿಂದೆ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ್ದನ್ನು ಕಲಿಸುವ, ದೇಶಕ್ಕೆಲ್ಲ ಒಂದೇ ಆದ ಎ.ಪಿ. ಕೋರ್ಸುಗಳನ್ನು ಕೈಬಿಟ್ಟು ‘ಅಡ್ವಾನ್ಸ್ಡ್ ಟಾಪಿಕ್ಸ್’ ಎಂದು ತಮ್ಮದೇ ಪಾಠ ಮಾಡಿಕೊಂಡರು. ಮಕ್ಕಳಿಗೆ ರ‍್ಯಾಂಕನ್ನೂ ಕೊಡುವುದಿಲ್ಲ. ಎಸ್ಸೆಸ್ಸೆಲ್ಸಿ ರ‍್ಯಾಂಕು ಪೇಪರಿನಲ್ಲಿ ಬರುತ್ತಿದ್ದ ಕಾಲದವಳು ನಾನು, ಕೇಳಿ ಬಲು ಹಿಗ್ಗಿದೆ. ಆದರೆ ರ‍್ಯಾಂಕ್ ಪಟ್ಟಿ ಇಲ್ಲದಿದ್ದರೇನು, ಮಕ್ಕಳು ಅದನ್ನು ಬಾಯಿಪಾಠ ಇಟ್ಟುಕೊಂಡಿರುತ್ತಾರೆ. ಯಾರು ಯಾವ ಗಣಿತದ ತರಗತಿಯಲ್ಲಿದ್ದಾರೆ, ಯಾರ ಮನೆಗೆ ಎಷ್ಟು ಜನ ಟ್ಯೂಷನ್ ಮೇಷ್ಟ್ರು ಬರುತ್ತಾರೆ ಎನ್ನುವುದೆಲ್ಲ ನನ್ನ ಮಗಳ ನಾಲಿಗೆಯ ತುದಿಯಲ್ಲಿತ್ತು.

ನಾನು ಬಂದದ್ದು ಎಚ್-4 ವೀಸಾದ ಮೇಲೆ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಹೆಂಡತಿ ಮಕ್ಕಳಿಗೆ ಕೊಡುವುದು. ಕೆಲಸದ ಪರವಾನಗಿ ಸಿಗುವವರೆಗೆ ಹಗಲೆಲ್ಲ ಮನೆಯಲ್ಲೇ ಇದ್ದೆ. ಹಾಗಾಗಿ ಆಫೀಸಿಗೆ ಹೋಗುವವರಿಗೆ ಕಾಣದ ಊರು ನನಗೆ ಕಂಡಿತು. ಬೆಳಿಗ್ಗೆ ಏಳೂವರೆಗೆ ಸ್ಟೇಷನ್ನಿನಲ್ಲಿ ನಿಂತರೆ ನಗರದ ಕಡೆಯ ಪ್ಲಾಟ್‌ಫಾರಂ ತುಂಬ ಕೋಟು, ಕಾಫಿ ಲೋಟ, ಒಬ್ಬರೂ ಮಾತಾಡುವುದಿಲ್ಲ. ಎದುರಿನ ಪ್ಲಾಟ್‌ಫಾರಂಗೆ ಬ್ರಾಂಕ್ಸ್ ಕಡೆಯಿಂದ ಬಂದ ರೈಲಿನಿಂದ ಹೆಂಗಸರು ಇಳಿಯುತ್ತಾರೆ. ಮಕ್ಕಳನ್ನು ನೋಡಿಕೊಳ್ಳುವವರು, ಮನೆ ಒರೆಸುವವರು, ವಯಸ್ಸಾದವರ ಜೊತೆ ಇರುವವರು. ಒಂದಷ್ಟು ಜನ ಕೌಂಟಿಯ ಬೀ-ಲೈನ್ ಬಸ್ಸು ಹಿಡಿಯುತ್ತಾರೆ, ಉಳಿದವರು ನಡೆಯುತ್ತಾರೆ. ಎಷ್ಟೋ ಬೀದಿಗೆ ಫುಟ್‌ಪಾತೇ ಇಲ್ಲ, ಹುಲ್ಲಿನ ಅಂಚಿನಲ್ಲೇ ನಡೆಯಬೇಕು. ಎಂಟು ಗಂಟೆಯ ಹೊತ್ತಿಗೆ ತೋಟದವರ ಟ್ರಕ್ಕುಗಳು ಬಂದು ನಿಲ್ಲುತ್ತವೆ, ಸ್ಪ್ಯಾನಿಷ್ ಹಾಡು ಶುರುವಾಗುತ್ತದೆ. ಹಗಲು ಹತ್ತರಿಂದ ಎರಡರವರೆಗೆ ಬೀದಿಯಲ್ಲಿ ಕಾಣುವ ಹೆಚ್ಚಿನವರಿಗೆ ಈ ಊರಿನಲ್ಲಿ ಮನೆ ಇಲ್ಲ.

ಪಕ್ಕದ ಮನೆಯ ಅವಳಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾಕೆ ಗಯಾನಾದವರು. ಮುತ್ತಜ್ಜನ ಕಾಲದಲ್ಲಿ ಕಬ್ಬಿನ ಗದ್ದೆಯ ಕೂಲಿಗೆ ಕಲ್ಕತ್ತೆಯಿಂದ ಹಡಗು ಹತ್ತಿದ ವಂಶ. ಒಂದು ದಿನ ಬೇಲಿಯ ಆಚೆಯಿಂದ ‘ನಿಮ್ಮ ಮನೆ ಒಗ್ಗರಣೆ ವಾಸನೆ ಬಂತು, ಕರಿಬೇವು ಇದ್ದರೆ ನಾಲ್ಕು ಎಲೆ ಕೊಡಿ’ ಎಂದರು. ಇಲ್ಲಿ ನನ್ನನ್ನು ತಾವಾಗಿ ಮಾತಾಡಿಸಿದ ಮೊದಲ ಹೆಂಗಸು ಅವರೇ. ಮರು ಬೇಸಿಗೆಯಲ್ಲಿ ನಮ್ಮಮ್ಮ ಬಂದಾಗ ಇಬ್ಬರೂ ಬೇಲಿಯ ಹತ್ತಿರ ನಿಂತು ಗಂಟೆಗಟ್ಟಲೆ ಮಾತಾಡುತ್ತಿದ್ದರು, ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ. ‘ಪಾಪ, ಅವ್ರಿಗೆ ತಮ್ಮೂರು ಯಾವ್ದು ಅಂತಲೇ ಗೊತ್ತಿಲ್ವಂತೆ ಕಣೇ’ ಎಂದು ಅಮ್ಮ ರಾತ್ರಿಯೆಲ್ಲ ಮರುಗಿದರು. ಅದನ್ನು ಹೇಗೆ ತಿಳಿದುಕೊಂಡರೋ ದೇವರೇ ಬಲ್ಲ.

ಅಮ್ಮನಿಗೆ ಊರು ಹಿಡಿಸಲಿಲ್ಲ. ಬಂದ ವಾರವೇ ‘ಇಲ್ಲಿ ಯಾರಾದ್ರೂ ಸತ್ತೋಗಿದಾರೇನೇ? ಒಂದು ಸದ್ದಿಲ್ಲ’ ಎಂದರು. ತರಕಾರಿ ಬೇಕೆಂದರೂ ಕಾರು. ಸ್ಟೇಷನ್ ಪಕ್ಕದ ಪೇಟೆಯಲ್ಲಿ ಕಪ್ಪು ಮರದ ಪಟ್ಟಿ ಹೊಡೆದ ಟ್ಯೂಡರ್ ಶೈಲಿಯ ಚಂದದ ಕಟ್ಟಡಗಳಿವೆ, ಬ್ಯಾಂಕು, ಕಾಫಿ ಅಂಗಡಿ, ಮನೆ ಮಾರುವ ಏಜೆಂಟರ ಕಚೇರಿಗಳಿವೆ. ಒಂದು ಕಟ್ಟು ಮೆಂತ್ಯ ಸೊಪ್ಪು ಸಿಗುವುದಿಲ್ಲ. ಅದಕ್ಕೆ ಸೆಂಟ್ರಲ್ ಅವೆನ್ಯೂಗೆ ಹೋಗಬೇಕು, ತಿಂಗಳ ಸಾಮಾನಿಗೆ ಕ್ವೀನ್ಸ್‌ಗೆ ಹೋಗಿ ಫ್ಲಶಿಂಗ್‌ನ ಗಣೇಶನ ಗುಡಿಯಲ್ಲಿ ದೋಸೆ ತಿಂದು ಬರಬೇಕು. ಅಮ್ಮ ಸುಮ್ಮನೆ ಕೂರುವವರಲ್ಲ. ಹಿತ್ತಿಲಿನ ಒಂದು ಮೂಲೆ ಅಗೆದು ಹುರುಳಿಕಾಯಿ, ಕೊತ್ತಂಬರಿ, ಮೆಂತ್ಯ ಹಾಕಿದರು. ಹುರುಳಿಕಾಯಿ ಬಳ್ಳಿ ಮೊಣಕಾಲೆತ್ತರಕ್ಕೆ ಬಂದು ಹೂ ಬಿಟ್ಟ ವಾರ, ಬೆಳಗಿನ ಜಾವ ಮೂರು ಜಿಂಕೆ ಬಂದು ಬುಡದವರೆಗೂ ಮೇಯ್ದು ಹೋದವು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಪೊರಕೆ ಹಿಡಿದು ಓಡಿಸಲು ಹೋದರೆ ಅವು ಕದಲಲೂ ಇಲ್ಲ, ಕತ್ತೆತ್ತಿ ನೋಡಿ ಮತ್ತೆ ಬಾಯಿ ಹಾಕಿದವು. ಹೊಡೆಯುವಂತಿಲ್ಲ, ಮನಸ್ಸಿಗೆ ಬಂದಷ್ಟು ಎತ್ತರಕ್ಕೆ ಬೇಲಿ ಹಾಕುವಂತಿಲ್ಲ. ಮರ ಕಡಿಯಲೂ ಪರ್ಮಿಟ್ಟು, ನಿಮ್ಮ ಹಿತ್ತಿಲಿನದೇ ಆದರೂ. ಬೇಸಿಗೆಯಲ್ಲಿ ಎಲೆ ಊದುವ ಪೆಟ್ರೋಲ್ ಯಂತ್ರ ನಿಷೇಧ. ಇವುಗಳಲ್ಲಿ ಹೆಚ್ಚಿನವು ಒಳ್ಳೆಯ ಕಾನೂನುಗಳೇ ಎಂದು ನನಗೆ ಅನ್ನಿಸುತ್ತದೆ. ಜಿಂಕೆಯ ವಿಷಯದಲ್ಲಿ ಮಾತ್ರ ನಾನು ಅಮ್ಮನ ಪಕ್ಷ.

ಈ ಸದ್ದಿಲ್ಲದ ಸ್ಥಿತಿ ತಾನಾಗಿ ಬಂದದ್ದಲ್ಲ. 1915ರಲ್ಲಿ, ಪಕ್ಕದ ವೈಟ್ ಪ್ಲೇನ್ಸ್ ನಗರವಾಗಲು ಹೊರಟಿದ್ದಾಗ, ಅದು ತಮ್ಮ ಜಾಗವನ್ನು ನುಂಗೀತು ಎಂದು ಇಲ್ಲಿನವರು ಇಡೀ ಟೌನನ್ನೇ ತನ್ನದೇ ಆಡಳಿತವಿರುವ ಒಂದು ವಿಲೇಜ್ ಎಂದು ನೋಂದಾಯಿಸಿಕೊಂಡರು. 1920ರಿಂದ 1930ರೊಳಗೆ ಜನಸಂಖ್ಯೆ ಮೂರೂವರೆ ಸಾವಿರದಿಂದ ಹತ್ತು ಸಾವಿರದ ಹತ್ತಿರಕ್ಕೆ ಜಿಗಿಯಿತು. ಬ್ರಾಂಕ್ಸ್ ರಿವರ್ ಪಾರ್ಕ್‌ವೇ ರಸ್ತೆ ಮುಗಿದದ್ದೂ ಆ ದಶಕದಲ್ಲೇ, 1925ರಲ್ಲಿ. ಆಗಲೇ ಜೋನಿಂಗ್ ಕಾನೂನು ಬಂತು. ಅಪಾರ್ಟ್‌ಮೆಂಟು ಬೇಡ, ಕಾರ್ಖಾನೆ ಬೇಡ, ಅಂಗಡಿಗೆ ಇಷ್ಟೇ ಜಾಗ. ಅತಿ ದುಬಾರಿ ವಲಯದಲ್ಲಿ ಒಂದು ಮನೆಗೆ ಎರಡು ಎಕರೆ ಬೇಕು. ತಿಪಟೂರಿನಲ್ಲಿ ಎರಡು ಎಕರೆ ತೆಂಗಿನ ತೋಟದಲ್ಲಿ ನಮ್ಮ ಅಜ್ಜ ಏಳು ಮಕ್ಕಳನ್ನು ಸಾಕಿದ್ದರು. ಬಡವರು ಬರಕೂಡದು ಎಂದು ಈ ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ, ಬರೆಯುವ ಅಗತ್ಯವೂ ಇಲ್ಲ.

ನಾವು ಸ್ವಂತ ಮನೆ ತೆಗೆದುಕೊಂಡದ್ದು 2021ರಲ್ಲಿ. ಕೋವಿಡ್ ಆದ ಮೇಲೆ ಮ್ಯಾನ್‌ಹ್ಯಾಟನ್ನಿನ ಅರ್ಧ ಜನ ಈ ಕಡೆಗೇ ಓಡಿ ಬಂದಂತಿತ್ತು. ಬಡ್ಡಿ ಮೂರು ಪರ್ಸೆಂಟಿನ ಆಜುಬಾಜು. ವೀಸಾದ ಮೇಲಿರುವವರು ಮನೆ ಕೊಳ್ಳಬಹುದು, ಬ್ಯಾಂಕು ಸಾಲವನ್ನೂ ಕೊಡುತ್ತದೆ. ಗ್ರೀನ್ ಕಾರ್ಡಿನ ಸರದಿಯಲ್ಲಿ ಭಾರತದವರು ಎಷ್ಟು ವರ್ಷ ನಿಲ್ಲಬೇಕೆಂದು ಯಾರೂ ಹೇಳಲಾರರು. ಮೂರು ಮೂರು ವರ್ಷಕ್ಕೆ ನವೀಕರಿಸುವ ವೀಸಾದ ಮೇಲೆ ಮೂವತ್ತು ವರ್ಷದ ಸಾಲಕ್ಕೆ ಸಹಿ ಹಾಕುವುದು ನಮ್ಮವರ ಧೈರ್ಯವೋ ಭಂಡತನವೋ, ಅಂತೂ ಹಾಕುತ್ತೇವೆ.

ಇಲ್ಲಿ ಮನೆ ವ್ಯಾಪಾರಕ್ಕೂ ಶಾಲೆಯ ಕ್ಯಾಲೆಂಡರೇ. ಮಾರ್ಚಿನಲ್ಲಿ ಬೋರ್ಡುಗಳು ಏಳುತ್ತವೆ, ಮೇ ಒಳಗೆ ಕರಾರು, ಬೇಸಿಗೆಯಲ್ಲಿ ನೋಂದಣಿ, ಸೆಪ್ಟೆಂಬರಿಗೆ ಶಾಲೆ. ವಾರದ ಕೊನೆಗೆ ಓಪನ್ ಹೌಸ್. ಹೊಸಿಲಲ್ಲಿ ಚಪ್ಪಲಿಗೆ ಹಾಕಿಕೊಳ್ಳುವ ನೀಲಿ ಚೀಲ, ಒಳಗೆ ಕುಕೀ ಬೇಯಿಸಿದ ವಾಸನೆ, ಗಂಡ ಹೆಂಡತಿ ಜೋಡಿಗಳು ಪಿಸುಮಾತಿನಲ್ಲಿ ಅಲ್ಲಿ ಇಲ್ಲಿ. ಮಂಗಳವಾರದೊಳಗೆ ‘ನಿಮ್ಮ ಕಟ್ಟಕಡೆಯ ಬೆಲೆ ಬರೆದು ಕೊಡಿ’ ಎನ್ನುತ್ತಾರೆ. ಬೇರೆಯವರು ಎಷ್ಟು ಬರೆದರೋ ಗೊತ್ತಾಗುವುದಿಲ್ಲ. ಕೆಲವು ಮನೆ ತಪ್ಪಿದವು. ಸಿಕ್ಕಿದ್ದು 1920ರ ದಶಕದ್ದು, ಅಡುಗೆಮನೆ ಹಳೆಯದಾಗಿದ್ದರಿಂದ ಹೆಚ್ಚು ಜನ ಮುಗಿಬೀಳಲಿಲ್ಲ.

ಬೆಲೆ ಒಪ್ಪಿದ ಮೇಲೆ ಇನ್‌ಸ್ಪೆಕ್ಟರ್ ಬಂದು ಸ್ಲೇಟು ಕಲ್ಲಿನ ಛಾವಣಿಯಿಂದ ಕೆಳಗಿನ ಬಾಯ್ಲರಿನವರೆಗೆ ಟಾರ್ಚು ಹಾಕಿ ನೋಡಿದರು. ಅವರ ಜೊತೆ ಇನ್ನೊಬ್ಬ ಬಂದಿದ್ದ, ಅಂಗಳದ ಹುಲ್ಲಿನ ಮೇಲೆ ಲೋಹ ಪತ್ತೆ ಮಾಡುವ ಕೋಲು ಹಿಡಿದು ಅಂಗುಲ ಅಂಗುಲ ನಡೆದ. ಹಿಂದೆಲ್ಲ ಈ ಮನೆಗಳಿಗೆ ಚಳಿಗಾಲದಲ್ಲಿ ಎಣ್ಣೆ ಉರಿಸುತ್ತಿದ್ದರು. ಎಣ್ಣೆಯ ಟ್ಯಾಂಕನ್ನು ನೆಲದಲ್ಲಿ ಹೂತಿಟ್ಟು, ಗ್ಯಾಸ್ ಬಂದ ಮೇಲೆ ಮರೆತುಬಿಟ್ಟಿರುತ್ತಾರೆ. ಅದು ತುಕ್ಕು ಹಿಡಿದು ಸೋರಿದ್ದರೆ ಮಣ್ಣು ತೆಗೆದು ಶುದ್ಧ ಮಾಡುವ ಖರ್ಚೆಲ್ಲ ಕೊಂಡವರ ತಲೆಗೆ. ದಂಡೆಯ ಹೂಗಿಡದ ಹತ್ತಿರ ಕೋಲು ಕಿರುಗುಟ್ಟಿತು, ನಮ್ಮ ಎದೆ ಬಡಿದುಕೊಂಡಿತು. ಅಗೆದರೆ ಒಂದು ಹಳೆಯ ನೀರಿನ ಪೈಪು. ಆಮೇಲೆ ವಕೀಲರ ಪಾಳಿ. ಬೇಸ್‌ಮೆಂಟಿನ ಸ್ನಾನದಮನೆಗೆ ಹಿಂದಿನವರು ಪರ್ಮಿಟ್ಟು ತೆಗೆದಿದ್ದಾರಾ, ಹೆಂಚಿನ ವರಾಂಡ ದಾಖಲೆಯಲ್ಲಿದೆಯಾ, ಪ್ರತಿಯೊಂದನ್ನೂ ವಿಲೇಜ್ ಹಾಲಿನ ಕಡತದ ಜೊತೆ ತಾಳೆ ನೋಡಿದರು. ಹತ್ತು ಲಕ್ಷ ಡಾಲರಿಗೆ ಮುಟ್ಟಿದ ಮನೆಗೆ ನ್ಯೂಯಾರ್ಕ್ ರಾಜ್ಯ ಕೊಳ್ಳುವವರಿಂದ ಒಂದು ಪರ್ಸೆಂಟ್ ‘ಮ್ಯಾನ್ಷನ್ ಟ್ಯಾಕ್ಸ್’ ತೆಗೆದುಕೊಳ್ಳುತ್ತದೆ. ಮೂರು ಬೆಡ್‌ರೂಮಿನ, ಒಂದೂವರೆ ಸ್ನಾನದಮನೆಯ ಈ ಬಂಗಲೆಗೂ ಅದನ್ನು ಕಟ್ಟಿದೆವು.

ಗೃಹಪ್ರವೇಶಕ್ಕೆ ಹಾಲು ಉಕ್ಕಿಸಿ ತಿಂಗಳು ಕಳೆದಿತ್ತಷ್ಟೆ. ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಉಳಿಕೆ ಮಳೆ ಬಂತು. ನಗರದ ಸೆಂಟ್ರಲ್ ಪಾರ್ಕಿನಲ್ಲಿ ಒಂದೇ ಗಂಟೆಯಲ್ಲಿ 3.15 ಇಂಚು ಸುರಿದ ರಾತ್ರಿ ಅದು. ಬ್ರಾಂಕ್ಸ್ ನದಿ ಪಾರ್ಕ್‌ವೇ ರಸ್ತೆಯ ಮೇಲೇ ಹರಿಯಿತು. ನಮ್ಮ ಬೇಸ್‌ಮೆಂಟಿನ ನೆಲದ ಬಿರುಕಿನಿಂದ ನೀರು ಬುಗ್ಗೆಯಂತೆ ಎದ್ದು, ಬಾಕ್ಸಿನಲ್ಲೇ ಇದ್ದ ಪುಸ್ತಕಗಳು, ರೇಷ್ಮೆ ಸೀರೆಯ ಸೂಟ್‌ಕೇಸು ತೇಲಿದವು. ರಾತ್ರಿ ಹನ್ನೊಂದಕ್ಕೆ ಎದುರು ಮನೆಯ ಎಪ್ಪತ್ತು ದಾಟಿದ ಯಜಮಾನರು ರೇನ್‌ಕೋಟು ಹಾಕಿಕೊಂಡು ಪಂಪು ಹೊತ್ತು ತಂದರು. ಅಲ್ಲಿಯವರೆಗೆ ಕೈ ಬೀಸಿದ್ದು ಬಿಟ್ಟರೆ ಮಾತೇ ಆಡಿರಲಿಲ್ಲ. ಅವರ ಬೇಸ್‌ಮೆಂಟಿನಲ್ಲೂ ನೀರಿತ್ತು; ‘ನಮ್ಮದು ಖಾಲಿ, ನಿಮ್ಮದರಲ್ಲಿ ಸಾಮಾನಿದೆಯಲ್ಲ’ ಎಂದರು. ಬೆಳಗಿನ ಜಾವ ಮೂರರವರೆಗೂ ನಮ್ಮ ಜೊತೆ ಬಕೆಟ್ಟು ಹೊತ್ತರು. ಈ ಊರಿನವರು ಬಿಗುಮಾನದವರು ಎಂದು ಯಾರಾದರೂ ಅಂದರೆ ನಾನು ಪೂರ್ತಿ ಒಪ್ಪದಿರುವುದಕ್ಕೆ ಕಾರಣ ಅವರು.

ಹಣವಂತರ ಊರಿನಲ್ಲಿ ಹಣ ಹೇಗೆ ಕಾಣುತ್ತದೆ ಎಂದು ಊರಿನ ನೆಂಟರು ಕೇಳುತ್ತಾರೆ. ಕಾರಿನಲ್ಲಿ ಕಾಣುವುದಿಲ್ಲ, ಎಷ್ಟೋ ಮನೆ ಮುಂದೆ ಹತ್ತು ವರ್ಷದ ಹಳೆಯ ಸುಬಾರು. ಬಟ್ಟೆಯಲ್ಲೂ ಕಾಣುವುದಿಲ್ಲ. ಕಾಣುವುದು ಜುಲೈ ತಿಂಗಳಲ್ಲಿ. ಜೂನ್ ಕೊನೆಗೆ ಶಾಲೆ ಮುಗಿದ ಕೆಲವೇ ದಿನಕ್ಕೆ ಬಸ್ಸುಗಳು ಬಂದು ಮಕ್ಕಳನ್ನು ಮೇನ್ ರಾಜ್ಯದ, ಪೆನ್ಸಿಲ್ವೇನಿಯಾದ ಕಾಡಿನ ಕೆರೆಗಳ ಪಕ್ಕದ ಸಮ್ಮರ್ ಕ್ಯಾಂಪಿಗೆ ಕರೆದುಕೊಂಡು ಹೋಗುತ್ತವೆ. ಏಳು ವಾರ ಅಲ್ಲೇ ಊಟ, ನಿದ್ದೆ, ದೋಣಿ. ಒಂದು ಮಗುವಿಗೆ ಹತ್ತು ಸಾವಿರ ಡಾಲರಿನ ಮೇಲೆ. ಮಗಳ ತರಗತಿಯ ಅರ್ಧಕ್ಕರ್ಧ ಮಕ್ಕಳು ಹೋದರು, ಇವಳು ಅಜ್ಜಿಯ ಜೊತೆ ಊರಿನ ಈಜುಕೊಳಕ್ಕೆ ಹೋದಳು. ಆ ಕೊಳ ಇಲ್ಲಿಯ ನಿವಾಸಿಗಳಿಗೆ ಮಾತ್ರ, ಫೋಟೊ ಇರುವ ಪರ್ಮಿಟ್ಟು ಬೇಕು. ‘ಅಜ್ಜಿ, ನಾವು ಬಡವರಾ?’ ಎಂದು ಅಲ್ಲಿ ಕೇಳಿದಳಂತೆ. ಅಮ್ಮ ‘ಹೂಂ, ಸ್ವಲ್ಪ’ ಎಂದರಂತೆ. ಬೆಂಗಳೂರಿನಲ್ಲಿ ನಾವು ಅಡುಗೆಯವರು, ಡ್ರೈವರ್ ಇಟ್ಟುಕೊಂಡಿದ್ದ ಸ್ಥಿತಿವಂತರು. ಇಲ್ಲಿ ಅಂಗಳದ ಹುಲ್ಲನ್ನು ತಾವೇ ಕತ್ತರಿಸಿಕೊಳ್ಳುವ ಎರಡು ಮೂರು ಮನೆಗಳಲ್ಲಿ ನಮ್ಮದೂ ಒಂದು.

ಇನ್ನು ತೆರಿಗೆ. ಏಪ್ರಿಲ್‌ನಲ್ಲಿ ಕೌಂಟಿಯ ಬಿಲ್ಲು, ಜುಲೈನಲ್ಲಿ ವಿಲೇಜಿನದು, ಸೆಪ್ಟೆಂಬರಿನಲ್ಲಿ ಶಾಲೆಯದು. ಒಟ್ಟಿನ ಮೂರರಲ್ಲಿ ಎರಡು ಪಾಲಿನಷ್ಟು ಶಾಲೆಗೇ. ಕಾರ್ಖಾನೆ, ಮಾಲ್ ಬೇಡ ಎಂದ ಊರಿನಲ್ಲಿ ತೆರಿಗೆ ಕಟ್ಟಲು ಮನೆಗಳು ಬಿಟ್ಟರೆ ಇನ್ನಾರಿದ್ದಾರೆ? ನಮ್ಮ ಸಾಧಾರಣ ಮನೆಗೇ ವರ್ಷಕ್ಕೆ ಮೂವತ್ತು ಸಾವಿರ ಡಾಲರಿನ ಹತ್ತಿರ. ಮೊದಲ ಬಿಲ್ಲು ನೋಡಿ ನನ್ನ ಗಂಡ ಅದನ್ನು ರೂಪಾಯಿಗೆ ತಿರುಗಿಸಲು ಹೊರಟರು, ನಾನು ಫೋನು ಕಿತ್ತಿಟ್ಟೆ.

ಮೌಲ್ಯ ಜಾಸ್ತಿ ಹಾಕಿದ್ದಾರೆ ಅನ್ನಿಸಿದರೆ ಆಕ್ಷೇಪಣೆಗೆ ದಾರಿಯಿದೆ. ಜೂನ್ ಮೊದಲಿಗೆ ತಾತ್ಕಾಲಿಕ ಪಟ್ಟಿ ಬರುತ್ತದೆ, ಮೂರನೇ ಮಂಗಳವಾರದೊಳಗೆ ಆರ್‌ಪಿ-524 ಎಂಬ ಫಾರಂ ತುಂಬಿ, ನಿಮ್ಮ ಮನೆಯಂಥವೇ ಮನೆಗಳು ಎಷ್ಟಕ್ಕೆ ಹೋದವು ಎಂದು ತೋರಿಸಬೇಕು. ಅಲ್ಲಿ ಆಗದಿದ್ದರೆ 30 ಡಾಲರ್ ಕಟ್ಟಿ ಸಣ್ಣ ಕ್ಲೇಮುಗಳ ವಿಚಾರಣೆಗೆ ಹೋಗಬಹುದು, ವಕೀಲರು ಬೇಕಿಲ್ಲ. ಉಳಿಸಿಕೊಟ್ಟದ್ದರಲ್ಲಿ ಪಾಲು ತೆಗೆದುಕೊಂಡು ಇದನ್ನೆಲ್ಲ ಮಾಡಿಕೊಡುವ ಏಜೆಂಟರ ಕಾರ್ಡುಗಳು ಅಂಚೆಪೆಟ್ಟಿಗೆಯಲ್ಲಿ ಬಂದು ಬೀಳುತ್ತವೆ. ನಾವೂ ಲೆಕ್ಕ ಹಾಕಿ ನೋಡಿದೆವು, ನಾವು ಕೊಟ್ಟ ಬೆಲೆಯೇ ನಮ್ಮ ವಿರುದ್ಧ ಸಾಕ್ಷಿ. ಅಲ್ಲಿಗೆ ಬಿಟ್ಟೆವು. ಆದರೆ ಮೌಲ್ಯಮಾಪನ ಇಲ್ಲಿ ಎಂಥ ಬಿಸಿ ಮಾತು ಎಂದು ನಮಗೆ ಬಾಡಿಗೆಗಿದ್ದಾಗಲೇ ಗೊತ್ತಾಗಿತ್ತು. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಮುಟ್ಟದಿದ್ದ ಎಲ್ಲ ಮನೆಗಳ ಮೌಲ್ಯವನ್ನು 2014ರಲ್ಲಿ ಹೊಸದಾಗಿ ಕಟ್ಟಿ, 2016ರಲ್ಲಿ ಮತ್ತೊಮ್ಮೆ ಕಟ್ಟಿದ್ದರು. ನಾವು ಬಂದಿಳಿದಾಗ ಮಕ್ಕಳ ಹುಟ್ಟುಹಬ್ಬದಲ್ಲೂ ದೊಡ್ಡವರ ಬಾಯಲ್ಲಿ ಅದೇ ಜಗಳ. ಮುಂದೆ ಕೇಂದ್ರ ಸರ್ಕಾರ, ಕಟ್ಟಿದ ರಾಜ್ಯದ, ಊರಿನ ತೆರಿಗೆಯನ್ನು ಆದಾಯದ ಲೆಕ್ಕದಿಂದ ಕಳೆಯುವ ವಿನಾಯಿತಿಗೆ ಹತ್ತು ಸಾವಿರ ಡಾಲರಿನ ಮಿತಿ ಹಾಕಿತು. ದಾನಕ್ಕೆ ಆ ಮಿತಿ ಇಲ್ಲವಲ್ಲ ಎಂದು, ತೆರಿಗೆಯನ್ನು ದಾನದ ರೂಪದಲ್ಲಿ ಕಟ್ಟಿಸಿಕೊಳ್ಳಲು ಇಲ್ಲೊಂದು ನಿಧಿ ಮಾಡಿದರು. ಆದಾಯ ತೆರಿಗೆ ಇಲಾಖೆ 2019ರಲ್ಲಿ ಆ ಸಂದನ್ನೂ ಮುಚ್ಚಿತು. ಹದಿನೆಂಟು ಸಾವಿರ ಜನದ ಊರು ಅಮೆರಿಕದ ಆದಾಯ ತೆರಿಗೆ ಇಲಾಖೆಯ ಮೇಲೇ ಕೇಸು ಹಾಕಿತು.

ಕೋರ್ಟು ಈ ಊರಿಗೆ ಹೊಸದೇನಲ್ಲ. ಪೇಟೆಯ ನಡುವಿನ ಬೋನಿಫೇಸ್ ಸರ್ಕಲ್ ಎಂಬ ಪುಟ್ಟ ಪಾರ್ಕಿನಲ್ಲಿ ಕ್ರಿಸ್‌ಮಸ್ ಗೋದಲಿ ಇಡಬಹುದೇ ಬೇಡವೇ ಎಂಬ ಜಗಳ 1985ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ನ್ಯಾಯಮೂರ್ತಿಗಳು ನಾಲ್ಕಕ್ಕೆ ನಾಲ್ಕು ಸಮನಾಗಿ, ಇಡಬಹುದು ಎಂದಿದ್ದ ಕೆಳಗಿನ ತೀರ್ಪೇ ನಿಂತಿತು. ಈಗ ಆ ಪಾರ್ಕಿನ ಬೆಂಚಿನಲ್ಲಿ ಹೈಸ್ಕೂಲು ಮಕ್ಕಳು ಪಿಜ್ಜಾ ತಿನ್ನುತ್ತಾರೆ.

ಊರನ್ನು ನಡೆಸುವವರು ಒಬ್ಬ ಮೇಯರು, ಆರು ಟ್ರಸ್ಟಿಗಳು, ಯಾರಿಗೂ ಸಂಬಳವಿಲ್ಲ. ಪಕ್ಷಗಳ ಕಿತ್ತಾಟ ಬೇಡವೆಂದು ಬಹಳ ಹಿಂದೆಯೇ ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ಐದೂ ಶಾಲಾ ಭಾಗಗಳಿಂದ ಆರಿಸಿದ ಮೂವತ್ತು ಜನರ ಸಮಿತಿ ಅಭ್ಯರ್ಥಿಗಳನ್ನು ಸೂಚಿಸುತ್ತದೆ, ಮಾರ್ಚಿನಲ್ಲಿ ಚುನಾವಣೆ. ಎಷ್ಟೋ ವರ್ಷ ಎದುರಾಳಿಯೇ ಇರುವುದಿಲ್ಲ. ಮೇ ತಿಂಗಳಲ್ಲಿ ಶಾಲೆಯ ಬಜೆಟ್ಟಿಗೂ ಜನರೇ ವೋಟು ಹಾಕಬೇಕು. ನಮಗೆ ವೋಟಿಲ್ಲ, ಪೌರತ್ವವಿಲ್ಲವಲ್ಲ. ಆದರೂ ನಾನು ಸಭೆಗಳಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಒಬ್ಬರು ಮೂರು ನಿಮಿಷ ಮೈಕಿನ ಮುಂದೆ ಪಕ್ಕದ ಮನೆಯ ಜನರೇಟರಿನ ಡೆಸಿಬೆಲ್ ಎಷ್ಟೆಂದು ಓದುತ್ತಾರೆ. ಇನ್ನೊಬ್ಬರು ಸ್ಟೇಷನ್ ಪಕ್ಕದ, ಕಾರು ನಿಲ್ಲಿಸುವ ಫ್ರೈಟ್‌ವೇ ಗ್ಯಾರೇಜನ್ನು ಕೆಡವಿ ಫ್ಲ್ಯಾಟು ಕಟ್ಟಿದರೆ ಶಾಲೆಗೆ ಎಷ್ಟು ಮಕ್ಕಳು ಹೆಚ್ಚಾಗುತ್ತಾರೆ ಎಂದು ಗುಣಾಕಾರ ಮಾಡುತ್ತಾರೆ. ಫ್ಲ್ಯಾಟು ಬೇಡವೆನ್ನುವವರ ಕಾರಣಗಳು ಬಹಳ ಸಭ್ಯವಾಗಿರುತ್ತವೆ: ಟ್ರಾಫಿಕ್ಕು, ಚರಂಡಿ, ಊರಿನ ಸ್ವರೂಪ. ಬ್ರಾಂಕ್ಸಿನಿಂದ ದಿನಾ ರೈಲಿಳಿಯುವ ಹೆಂಗಸರಲ್ಲಿ ಒಬ್ಬರಾದರೂ ಇಲ್ಲಿ ಮನೆ ಮಾಡಲು ಸಾಧ್ಯವಾಗಬೇಕು ಎಂದು ಯಾರೂ ಮೈಕು ಹಿಡಿದದ್ದನ್ನು ನಾನು ಕೇಳಿಲ್ಲ. ಹಿಂದಿನ ಸಾಲಿನಲ್ಲಿ ಕೂತು ನಾನೂ ಎದ್ದು ಹೇಳಿಲ್ಲ.

ಪಂಪು ತಂದ ಯಜಮಾನರು ಹೋದ ವರ್ಷ ಮನೆ ಮಾರಿ ಕನೆಕ್ಟಿಕಟ್ಟಿಗೆ ಹೋದರು. ಮಕ್ಕಳು ಓದು ಮುಗಿಸಿ ಇಪ್ಪತ್ತು ವರ್ಷವಾದ ಮೇಲೂ ಶಾಲೆಯ ತೆರಿಗೆ ಕಟ್ಟಿಕೊಂಡು ಉಳಿದಿದ್ದ ಅಪರೂಪದವರು. ಇಲ್ಲಿ ಹೆಚ್ಚಿನವರು ಕೊನೆಯ ಮಗು ಹೈಸ್ಕೂಲು ಮುಗಿಸಿದ ಬೇಸಿಗೆಯಲ್ಲೇ ಬೋರ್ಡು ಹಾಕುತ್ತಾರೆ. ಕೊಂಡವರು ಆ ಮನೆಯನ್ನು ಎರಡೇ ದಿನಕ್ಕೆ ಕೆಡವಿದರು. ಈಗ ಅಲ್ಲಿ ಅದರ ಎರಡರಷ್ಟು ದೊಡ್ಡದು ಏಳುತ್ತಿದೆ, ಬೆಳಿಗ್ಗೆಯಿಂದ ಸಂಜೆಯವರೆಗೆ ಮೊಳೆ ಹೊಡೆಯುವ ಸದ್ದು. ಅಮ್ಮ ವಿಡಿಯೊ ಕಾಲ್‌ನಲ್ಲಿ ಕೇಳಿ ‘ಈಗ ಪರವಾಗಿಲ್ಲ, ಊರು ಅನ್ಸತ್ತೆ’ ಎನ್ನುತ್ತಾರೆ.

ಮಗಳು ಮುಂದಿನ ವರ್ಷ ಹನ್ನೆರಡನೆಯದು ಮುಗಿಸುತ್ತಾಳೆ. ಮಾರಿ ನ್ಯೂಜೆರ್ಸಿಗೆ, ನಮ್ಮವರು ಹೆಚ್ಚಿರುವ ಕಡೆ ಹೋಗೋಣ ಎಂದು ನನ್ನ ಗಂಡನ ವಾದ. ಮಗುವಿಲ್ಲದ ಮೇಲೆ ಈ ತೆರಿಗೆ ಯಾಕೆ ಕಟ್ಟಬೇಕು ಎನ್ನುತ್ತಾರೆ. ಇವಳ ಓದಿಗೆ ಎದುರು ಮನೆಯವರು ಕಟ್ಟಲಿಲ್ಲವೇ ಎಂದು ನಾನು. ಅದಕ್ಕಿಂತ ದೊಡ್ಡ ಕಾರಣ, ಮೂರು ಪರ್ಸೆಂಟಿನ ಸಾಲ ಬಿಟ್ಟರೆ ಮತ್ತೆ ಸಿಗುವುದಿಲ್ಲ. ಅದಕ್ಕಿಂತಲೂ ದೊಡ್ಡದು, ಇಪ್ಪತ್ತೊಂದು ತುಂಬಿದರೆ ಮಗಳು ನಮ್ಮ ವೀಸಾದಡಿ ಇರುವಂತಿಲ್ಲ. ಅವಳಿಗೆ ಯಾವ ದಾರಿ ಎಂದು ಗೊತ್ತಾಗುವವರೆಗೆ ಯಾವ ತೀರ್ಮಾನವೂ ಬೇಡ ಎಂಬಲ್ಲಿಗೆ ಮಾತು ಬಂದು ನಿಂತಿದೆ. ಏಜೆಂಟರೊಬ್ಬರು ಆಗಲೇ ಕರೆಗಂಟೆ ಒತ್ತಿ ಕಾರ್ಡು ಕೊಟ್ಟು ಹೋಗಿದ್ದಾರೆ. ಮಗಳು ಯಾವ ತರಗತಿ ಎನ್ನುವುದು ಅವರಿಗೆ ಹೇಗೆ ತಿಳಿಯಿತೋ. ಜುಲೈ ಬಿಲ್ಲು ಕಟ್ಟಿಯಾಯಿತು, ಸೆಪ್ಟೆಂಬರಿನದಕ್ಕೆ ದುಡ್ಡು ಹೊಂದಿಸುತ್ತಿದ್ದೇವೆ.